ಕೀಲಿ ಯಾರ ಹತ್ರ ಇದೆ? ಸಣ್ಣ ಸಂಸ್ಥೆಗಳು ಕ್ಲೌಡ್ ಆರಿಸುವ ಮುಂಚೆ

ಮನೆಯಲ್ಲಿ ಹೊಡೆತ ತಿಂದು ಹೊರಬಂದ ಹೆಂಗಸರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆ ಅಂದುಕೊಳ್ಳಿ. ಜಿಲ್ಲಾ ಕೇಂದ್ರದಲ್ಲಿ ಎರಡು ಕೋಣೆಯ ಆಫೀಸು, ಏಳೆಂಟು ಜನ. ಕೆಲಸವೆಲ್ಲ ನಿಂತಿರುವುದು ಒಂದು ಗೂಗಲ್ ಶೀಟ್ ಮೇಲೆ. ಕಾಲಂಗಳು ಹೀಗಿವೆ: ಹೆಸರು, ಗಂಡನ ಹೆಸರು, ಊರು, ಮೊಬೈಲ್, ಆಧಾರ್ ನಂಬರ್, ತೊಂದರೆ ಏನು, ಈಗ ಎಲ್ಲಿದ್ದಾರೆ. ಶೇರ್ ಬಟನ್ ಒತ್ತಿದರೆ ‘ಲಿಂಕ್ ಇರುವ ಯಾರು ಬೇಕಾದರೂ’ ಅಂತ ಕಾಣುತ್ತದೆ. ಆ ಲಿಂಕ್ ವಾಟ್ಸಾಪ್ ಗುಂಪಿನಲ್ಲಿದೆ. ಗುಂಪಿನಲ್ಲಿ ಕೆಲಸ ಬಿಟ್ಟು ಹೋದವರೂ ಇದ್ದಾರೆ. ಯಾರೋ ಒಬ್ಬರು ಫಾರ್ವರ್ಡ್ ಮಾಡಿದರೆ ಸಾಕು, ‘ಈಗ ಎಲ್ಲಿದ್ದಾರೆ’ ಎನ್ನುವ ಕಾಲಂ ಗಂಡನ ಕೈ ಸೇರುತ್ತದೆ.

ಇಂಥ ಸಂಸ್ಥೆಗಳು ಕ್ಲೌಡ್ (ನಮ್ಮ ಫೈಲ್, ಮೇಲ್‌ಗಳನ್ನು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ಇಡುವ ಸೇವೆ) ಬಗ್ಗೆ ಕೇಳುವ ಪ್ರಶ್ನೆ ಮಾತ್ರ ಬೇರೆ. ‘ಗೂಗಲ್ ಬಿಟ್ಟು ಜೋಹೋಗೆ ಹೋದರೆ ಡೇಟಾ ಭಾರತದಲ್ಲೇ ಇರುತ್ತೆ, ಸೇಫ್ ಅಲ್ವಾ?’ ‘ಪ್ರೋಟಾನ್ ಬಳಸಿದರೆ ಯಾರಿಗೂ ಸಿಗಲ್ವಂತೆ, ಹೌದಾ?’ ಜೋಹೋ ಚೆನ್ನೈನ ಸಾಫ್ಟ್‌ವೇರ್ ಕಂಪನಿ, ಪ್ರೋಟಾನ್ ಸ್ವಿಟ್ಜರ್ಲೆಂಡಿನ ಮೇಲ್ ಮತ್ತು ಫೈಲ್ ಸೇವೆ. ಎರಡೂ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಸಣ್ಣ ಸಂಸ್ಥೆ, ಒಬ್ಬರೇ ನಡೆಸುವ ವಕೀಲರ ಕಚೇರಿ, ಸ್ವತಂತ್ರ ಪತ್ರಕರ್ತರು, ಕಾರ್ಮಿಕ ಸಂಘ, ಇಂಥವರಿಗಾಗಿ ಈ ಹೋಲಿಕೆ. ದೊಡ್ಡ ಕಂಪನಿಗಳಿಗೆ ಇದನ್ನೆಲ್ಲ ನೋಡಿಕೊಳ್ಳುವ ವಿಭಾಗವೇ ಇರುತ್ತದೆ.

ಮೊದಲು, ಯಾರಿಂದ ಬಚ್ಚಿಡಬೇಕು?

ಇದನ್ನು ತೀರ್ಮಾನಿಸದೆ ಸೇವೆ ಹೋಲಿಸಲು ಕೂತರೆ ಸುಮ್ನೆ ಕಾಲಹರಣ. ಮೇಲಿನ ಶೀಟ್‌ಗೆ ಮೊದಲ ಅಪಾಯ ಆ ಗಂಡ, ಅವನ ಪರಿಚಯದವರು, ಹಳೆಯ ಸಿಬ್ಬಂದಿ. ಅಮೆರಿಕದ ಗುಪ್ತಚರರಿಗೆ ಅದರಲ್ಲಿ ಆಸಕ್ತಿ ಇಲ್ಲ. ಗಣಿಗಾರಿಕೆ ವಿರುದ್ಧ ಹೋರಾಡುವ ಸಂಘಟನೆಗೆ ಸ್ಥಳೀಯ ಪೊಲೀಸರ ಭಯ ಇರಬಹುದು. ವಿದೇಶಿ ಸುದ್ದಿಸಂಸ್ಥೆಗೆ ಬರೆಯುವ ಪತ್ರಕರ್ತೆಗೆ ಎರಡು ಸರ್ಕಾರಗಳ ಕಣ್ಣು. ಎಚ್‌ಐವಿ ಇರುವವರ ಜೊತೆ ಕೆಲಸ ಮಾಡುವವರಿಗೆ ಹೆಸರು ಹೊರಬೀಳುವುದೇ ದೊಡ್ಡ ಅನಾಹುತ.

ಕೆಲವು ವಿಷಯದಲ್ಲಿ ಕಾನೂನೇ ಕೈ ಕಟ್ಟಿಹಾಕಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಬಯಲು ಮಾಡುವಂತಿಲ್ಲ, ದಾಖಲೆ ಇಟ್ಟುಕೊಂಡವರು ಅದನ್ನು ಕಾಪಾಡುವ ವ್ಯವಸ್ಥೆ ಮಾಡಲೇಬೇಕು. ಪೋಕ್ಸೋ ಪ್ರಕರಣದಲ್ಲಿ ಮಗುವಿನ ಗುರುತು ಮಾಧ್ಯಮದಲ್ಲಿ ಬರುವಂತಿಲ್ಲ. ಅತ್ಯಾಚಾರ ಸಂತ್ರಸ್ತೆಯ ಹೆಸರು ಪ್ರಕಟವಾದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ‘ನಮ್ಮದು ಚಿಕ್ಕ ಸಂಸ್ಥೆ’ ಎಂದರೆ ಇವು ಬಿಡುವುದಿಲ್ಲ.

ಸರ್ವರ್ ಎಲ್ಲಿದೆ ಎನ್ನುವುದು ಎರಡನೇ ಪ್ರಶ್ನೆ

ಎಲ್ಲ ಕಂಪನಿಗಳೂ ‘ನಿಮ್ಮ ಡೇಟಾ ಎನ್‌ಕ್ರಿಪ್ಟ್ ಆಗಿದೆ’, ಅಂದರೆ ಕೀಲಿ ಇಲ್ಲದವರಿಗೆ ಓದಲು ಬರದ ಸಂಕೇತವಾಗಿದೆ, ಎನ್ನುತ್ತವೆ. ಸುಳ್ಳಲ್ಲ. ಆದರೆ ಗೂಗಲ್, ಮೈಕ್ರೋಸಾಫ್ಟ್, ಜೋಹೋಗಳ ಸಾಮಾನ್ಯ ಪ್ಲಾನ್‌ಗಳಲ್ಲಿ ಎನ್‌ಕ್ರಿಪ್ಶನ್ ಕೀಲಿ ಕಂಪನಿಯ ಹತ್ರವೇ ಇರುತ್ತದೆ. ಬಾಡಿಗೆ ಮನೆಗೆ ನೀವು ಬೀಗ ಹಾಕಿದ್ದೀರಿ, ಇನ್ನೊಂದು ಕೀಲಿ ಮಾಲೀಕರ ಹತ್ರ ಇದೆ. ಕಳ್ಳ ಒಳಗೆ ಬರಲಾರ. ಆದರೆ ಮಾಲೀಕರ ಕೈಗೆ ಯಾರಾದರೂ ಆದೇಶ ಕೊಟ್ಟರೆ ಬಾಗಿಲು ತೆರೆಯುತ್ತದೆ. ಪ್ರೋಟಾನ್, ಟ್ರೆಸೊರಿಟ್, ಕ್ರಿಪ್ಟ್‌ಪ್ಯಾಡ್‌ನಂಥವುಗಳಲ್ಲಿ ಫೈಲ್ ನಿಮ್ಮ ಯಂತ್ರದಲ್ಲೇ ಮುಚ್ಚಿಕೊಂಡು ಹೋಗುತ್ತದೆ. ಒಳಗೇನಿದೆ ಎಂದು ಕಂಪನಿಗೇ ಕಾಣುವುದಿಲ್ಲ. ಇದಕ್ಕೆ ಎಂಡ್-ಟು-ಎಂಡ್ ಎನ್ನುತ್ತಾರೆ.

ಹಾಗಾದರೆ ಸರ್ವರ್ ಯಾವ ದೇಶದಲ್ಲಿದ್ದರೇನು? ಸ್ವಲ್ಪ ವ್ಯತ್ಯಾಸ ಇದೆ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟಲ್ಲ. ಅಮೆರಿಕದ ಒಂದು ಮಾದಕ ವಸ್ತು ಪ್ರಕರಣದಲ್ಲಿ ಐರ್ಲೆಂಡ್‌ನ ಸರ್ವರ್‌ನಲ್ಲಿದ್ದ ಮೇಲ್ ಕೊಡಿ ಎಂದು 2013ರಲ್ಲಿ ಮೈಕ್ರೋಸಾಫ್ಟ್‌ಗೆ ವಾರಂಟ್ ಬಂತು. ಕಂಪನಿ ಒಪ್ಪಲಿಲ್ಲ, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ತೀರ್ಪು ಬರುವ ಮೊದಲೇ, 2018ರ ಮಾರ್ಚ್‌ನಲ್ಲಿ, ಅಮೆರಿಕದ ಸಂಸತ್ತು ಕ್ಲೌಡ್ ಆಕ್ಟ್ ತಂದಿತು. ಅದರ ಪ್ರಕಾರ ಅಮೆರಿಕದ ಕಂಪನಿಯ ಹಿಡಿತದಲ್ಲಿರುವ ಡೇಟಾ ಯಾವ ದೇಶದಲ್ಲಿದ್ದರೂ ವಾರಂಟ್‌ನಂಥ ಆದೇಶ ಬಂದರೆ ಕೊಡಬೇಕು. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಎದುರು ಮೈಕ್ರೋಸಾಫ್ಟ್ ಫ್ರಾನ್ಸ್‌ನ ಕಾನೂನು ಅಧಿಕಾರಿಯನ್ನು ಇದೇ ವಿಷಯ ಕೇಳಿದರು. ಫ್ರೆಂಚ್ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಫ್ರೆಂಚ್ ನಾಗರಿಕರ ಡೇಟಾ ಅಮೆರಿಕಕ್ಕೆ ಹೋಗುವುದೇ ಇಲ್ಲ ಎಂದು ಖಾತ್ರಿ ಕೊಡಲು ಅವರಿಂದ ಆಗಲಿಲ್ಲ. ಪ್ರಮಾಣ ಮಾಡಿ ಹೇಳಿದ ಮಾತು ಅದು.

ಇದರ ಜೊತೆ ಅಮೆರಿಕದ ಫೈಸಾ ಎಂಬ ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆಯ 702ನೇ ಸೆಕ್ಷನ್ ಇದೆ. ಅದು ಅಮೆರಿಕದ ಹೊರಗಿರುವ ವಿದೇಶಿಯರನ್ನೇ ಗುರಿಯಾಗಿಸಿದ್ದು, ಅಂದರೆ ನಮ್ಮಂಥವರನ್ನು. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡನ್ ಬಯಲು ಮಾಡಿದ, ದೊಡ್ಡ ಕಂಪನಿಗಳಿಂದ ಬಳಕೆದಾರರ ಡೇಟಾ ಪಡೆಯುವ ಪ್ರಿಸಂ ಕಾರ್ಯಕ್ರಮ ನಡೆಯುತ್ತಿದ್ದುದು ಇದರಡಿಯಲ್ಲೇ. ಯುರೋಪಿನ ನ್ಯಾಯಾಲಯ 2015ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಅಮೆರಿಕದ ಜೊತೆಗಿನ ಡೇಟಾ ಒಪ್ಪಂದಗಳನ್ನು ಹೊಡೆದುಹಾಕಿತು. ಎರಡು ಸಲವೂ ಕಾರಣ ಅಮೆರಿಕದ ಕಣ್ಗಾವಲು.

ಡೇಟಾ ಭಾರತದಲ್ಲಿದ್ದರೆ?

‘ಸ್ವದೇಶಿ, ಆದ್ದರಿಂದ ಸುರಕ್ಷಿತ’ ಎನ್ನುವವರು ಈ ಭಾಗ ಸ್ವಲ್ಪ ನಿಧಾನವಾಗಿ ಓದಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಹಕ್ಕು ಸಿಕ್ಕಿತು. ಅದನ್ನು ದಿನನಿತ್ಯ ಕಾಯುವ ಕಾನೂನು ಮಾತ್ರ ಅಷ್ಟು ಗಟ್ಟಿಯಾಗಿಲ್ಲ.

ಐಟಿ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಆದೇಶ ಕೊಟ್ಟರೆ ಡೇಟಾ ಕೊಡಬೇಕು, ಎನ್‌ಕ್ರಿಪ್ಶನ್ ಬಿಚ್ಚಿಕೊಡಲು ನೆರವಾಗಬೇಕು. ನ್ಯಾಯಾಧೀಶರ ಸಹಿ ಬೇಕಿಲ್ಲ. ಸಹಕರಿಸದಿದ್ದರೆ ಏಳು ವರ್ಷದವರೆಗೆ ಜೈಲು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ಹತ್ತು ಸಂಸ್ಥೆಗಳ ಪಟ್ಟಿ ಹೊರಡಿಸಿತು. ಗುಪ್ತಚರ ಇಲಾಖೆ, ಸಿಬಿಐ, ಎನ್‌ಐಎ, ಇಡಿ ಎಲ್ಲವೂ ಅದರಲ್ಲಿವೆ. ಇನ್ನು ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94ನೇ ಸೆಕ್ಷನ್ ಅಡಿ ಪೊಲೀಸ್ ಠಾಣೆಯ ಮುಖ್ಯಸ್ಥರೇ ತನಿಖೆಗೆ ಬೇಕಾದ ದಾಖಲೆಯನ್ನು ಲಿಖಿತವಾಗಿ ಕೇಳಬಹುದು, ಎಲೆಕ್ಟ್ರಾನಿಕ್ ದಾಖಲೆಯೂ ಸೇರಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಒಳ್ಳೆಯದೇ. ಆದರೆ ಅದರ 17ನೇ ಸೆಕ್ಷನ್ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ಸರ್ಕಾರಿ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಲು ಕೇಂದ್ರಕ್ಕೆ ಅಧಿಕಾರ ಕೊಡುತ್ತದೆ. ಒಂದು ಮಾತು ನೆನಪಿರಲಿ. ಈ ಕಾಯ್ದೆಯ ಕಣ್ಣಿಗೆ ಜನರ ವಿವರ ಸಂಗ್ರಹಿಸುವ ನಿಮ್ಮ ಸಂಸ್ಥೆಯೂ ಹೊಣೆಗಾರ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಜಾರಿ ಹಂತ ಹಂತವಾಗಿ.

ಈಗ ಜಾಸ್ತಿ ಜನ ಗಮನಿಸದ ಒಂದು ಸಂಗತಿ. ಜಿಮೇಲ್‌ನಲ್ಲಿರುವ ಮೇಲ್‌ನ ಒಳಗಿನ ವಿಷಯವನ್ನು ನಮ್ಮ ಪೊಲೀಸರು ಅಮೆರಿಕದ ಕಂಪನಿಯಿಂದ ಪಡೆಯಬೇಕೆಂದರೆ ಸಾಮಾನ್ಯವಾಗಿ ಎರಡು ದೇಶಗಳ ನಡುವಿನ ಕಾನೂನು ನೆರವಿನ ಒಪ್ಪಂದದ ಮೂಲಕ ಹೋಗಬೇಕು. ಅದು ತಿಂಗಳುಗಟ್ಟಲೆ ಹಿಡಿಯುವ ದಾರಿ. ಖಾತೆ ಯಾರದ್ದು, ಯಾವ ಐಪಿಯಿಂದ (ಇಂಟರ್ನೆಟ್ ಸಂಪರ್ಕದ ವಿಳಾಸ) ಲಾಗಿನ್ ಆಯಿತು ಎಂಬಂಥ ವಿವರಗಳು ಬೇಗ ಸಿಗುತ್ತವೆ, ಒಳಗಿನ ಮಾತು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಭಾರತದ ಕಂಪನಿಗೆ ಈ ಸುತ್ತು ಇಲ್ಲ, ನೇರ ಆದೇಶ ಸಾಕು. ಆದ್ದರಿಂದ ಸ್ಥಳೀಯ ಅಧಿಕಾರದ ಭಯ ಇರುವವರಿಗೆ ‘ಡೇಟಾ ದೇಶದೊಳಗೆ’ ಎನ್ನುವುದು ರಕ್ಷಣೆಯಲ್ಲ, ಅದರ ಉಲ್ಟಾ. ಅಮೆರಿಕದ ಕಣ್ಣಿನ ಚಿಂತೆ ಇರುವವರಿಗೆ ಅದೇ ದೊಡ್ಡ ಲಾಭ.

ಗೂಗಲ್

ಬಿಡಲು ಕಷ್ಟವಾಗುವುದು ಇದನ್ನೇ. ಕನ್ನಡದಲ್ಲಿ ಮಾತಾಡಿದರೆ ಡಾಕ್ಸ್ ಟೈಪ್ ಮಾಡಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಕನ್ನಡ ಪುಟವನ್ನು ಡ್ರೈವ್ ಅಕ್ಷರ ಮಾಡಿಕೊಡುತ್ತದೆ. ಹಳ್ಳಿಯ ಕಾರ್ಯಕರ್ತೆಯ ಫೋನಿನಲ್ಲೂ ಓಡುತ್ತದೆ. ನೋಂದಾಯಿತ ಸೇವಾ ಸಂಸ್ಥೆಗಳಿಗೆ ವರ್ಕ್‌ಸ್ಪೇಸ್ ಉಚಿತ ಪ್ಲಾನ್ ಇದೆ. ಹೊರಗಿನ ದಾಳಿ ತಡೆಯುವುದರಲ್ಲಿ ಗೂಗಲ್‌ನಷ್ಟು ಗಟ್ಟಿ ಕಂಪನಿಗಳು ಕೆಲವೇ. ಖಾತೆಗೆ ಭದ್ರತಾ ಕೀಲಿ (ಲಾಗಿನ್ ಆಗಲು ಬೇಕಾದ ಸಣ್ಣ ಸಾಧನ) ಅಥವಾ ಪಾಸ್‌ವರ್ಡ್ ಬದಲು ಫೋನಿನ ಬೀಗದಿಂದಲೇ ಲಾಗಿನ್ ಆಗುವ ಪಾಸ್‌ಕೀ ಹಾಕಿಕೊಂಡರೆ ಪಾಸ್‌ವರ್ಡ್ ಕಳ್ಳರಿಂದ ಬಹುಮಟ್ಟಿಗೆ ನಿಶ್ಚಿಂತೆ.

ಆದರೆ ಗೂಗಲ್ ನಿಮ್ಮ ಫೈಲ್‌ಗಳನ್ನು ನೋಡಬಲ್ಲದು, ಯಂತ್ರದ ಕಣ್ಣಲ್ಲಿ ನೋಡುತ್ತದೆ ಕೂಡ. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆ 2021ರಲ್ಲಿ ಮಗುವಿನ ಸೋಂಕಿನ ಫೋಟೋ ತೆಗೆದರು, ವೈದ್ಯರಿಗೆ ತೋರಿಸಲು. ಗೂಗಲ್‌ನ ವ್ಯವಸ್ಥೆ ಅದನ್ನು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಎಂದು ಗುರುತಿಸಿತು. ಮೇಲ್, ಫೋಟೋ, ಫೋನ್ ನಂಬರ್ ಎಲ್ಲ ಹೋಯಿತು. ಪೊಲೀಸರು ತನಿಖೆ ಮಾಡಿ ತಪ್ಪೇನೂ ನಡೆದಿಲ್ಲ ಎಂದರು. ಖಾತೆ ಮಾತ್ರ ವಾಪಸ್ ಬರಲಿಲ್ಲ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ವರದಿ ಮಾಡಿತು. ಮಕ್ಕಳ ಮೇಲಿನ ದೌರ್ಜನ್ಯದ ಸಾಕ್ಷ್ಯ ಇಟ್ಟುಕೊಳ್ಳುವ ವಕೀಲರು, ಹಿಂಸೆಯ ವಿಡಿಯೊ ಸಂಗ್ರಹಿಸುವ ಹಕ್ಕುಗಳ ಸಂಘಟನೆಗಳು ಇದನ್ನು ಎರಡು ಸಲ ಓದಬೇಕು. ಅಂಥ ಫೈಲ್‌ಗಳನ್ನು ಹಾಗ್ಹಾಗೇ ಡ್ರೈವ್‌ಗೆ ಹಾಕಬಾರದು.

ಕೀಲಿಯನ್ನು ಗ್ರಾಹಕರೇ ಇಟ್ಟುಕೊಳ್ಳುವ ವ್ಯವಸ್ಥೆ ವರ್ಕ್‌ಸ್ಪೇಸ್‌ನಲ್ಲಿ ಇದೆ, ಆದರೆ ದುಬಾರಿ ಪ್ಲಾನ್‌ಗಳಲ್ಲಿ. ನಮ್ಮ ನಿಮ್ಮ ಕೈಗೆಟುಕುವುದಲ್ಲ.

ಮೈಕ್ರೋಸಾಫ್ಟ್

ಕೀಲಿಯ ವಿಷಯದಲ್ಲಿ ಗೂಗಲ್‌ಗೂ ಇದಕ್ಕೂ ದೊಡ್ಡ ಅಂತರ ಇಲ್ಲ. ಇಲ್ಲಿ ಎತ್ತಿ ಹೇಳಬೇಕಾದದ್ದು ಸೇವೆ ನಿಂತುಹೋಗುವ ಅಪಾಯ. 2025ರ ಜುಲೈನಲ್ಲಿ ನಯಾರಾ ಎನರ್ಜಿಗೆ ಹೀಗಾಯಿತು. ಗುಜರಾತಿನ ವಾಡಿನಾರ್‌ನಲ್ಲಿ ಸಂಸ್ಕರಣಾಗಾರ ಇರುವ, ರಷ್ಯಾದ ರೋಸ್‌ನೆಫ್ಟ್ ಪಾಲು ಇರುವ ಕಂಪನಿ ಅದು. ಯುರೋಪ್ ಒಕ್ಕೂಟ ನಿರ್ಬಂಧ ಹಾಕಿತು. ಅದರ ಬೆನ್ನಲ್ಲೇ ಮೈಕ್ರೋಸಾಫ್ಟ್ ಮೇಲ್ ಮತ್ತಿತರ ಸೇವೆ ನಿಲ್ಲಿಸಿತು. ಭಾರತದಲ್ಲಿ, ಭಾರತದ ಕಾನೂನು ಪಾಲಿಸಿ, ದುಡ್ಡು ಕಟ್ಟಿದ ಕಂಪನಿ. ನಯಾರಾ ದೆಹಲಿ ಹೈಕೋರ್ಟ್‌ಗೆ ಹೋದ ಮೇಲೆ ಸೇವೆ ಮರಳಿತು. ನಿಮ್ಮ ಸಂಸ್ಥೆ ರಿಫೈನರಿ ಅಲ್ಲ, ನಿಜ. ಆದರೆ ಸ್ವಿಚ್ ಯಾರ ಕೈಯಲ್ಲಿದೆ ಅಂತ ಗೊತ್ತಾಯಿತಲ್ವಾ?

ಇನ್ನೊಂದು ಸಂಗತಿ ನಮ್ಮ ಡೇಟಾದ್ದಲ್ಲ, ಬೇರೆಯವರ ಹಕ್ಕಿನದ್ದು. ಇಸ್ರೇಲಿನ ಸೇನಾ ಗುಪ್ತಚರ ದಳ ಪ್ಯಾಲೆಸ್ಟೀನಿಯರ ಫೋನ್ ಕರೆಗಳ ಧ್ವನಿಮುದ್ರಣವನ್ನು ರಾಶಿ ರಾಶಿಯಾಗಿ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿಟ್ಟಿದೆ ಎಂದು 2025ರ ಆಗಸ್ಟ್‌ನಲ್ಲಿ ಗಾರ್ಡಿಯನ್ ಮತ್ತು ಜೊತೆಯ ಪತ್ರಿಕೆಗಳು ಬಯಲಿಗೆಳೆದವು. ಮರುತಿಂಗಳು ಕಂಪನಿ ಆ ದಳಕ್ಕೆ ಕೆಲವು ಸೇವೆ ನಿಲ್ಲಿಸಿತು. ಗೂಗಲ್ ಮತ್ತು ಅಮೆಜಾನ್ ಅದೇ ದೇಶದ ಜೊತೆ 2021ರಲ್ಲಿ ಮಾಡಿಕೊಂಡ ನಿಂಬಸ್ ಎಂಬ ಕ್ಲೌಡ್ ಸೇವೆಯ ಒಪ್ಪಂದ 120 ಕೋಟಿ ಡಾಲರಿನದ್ದು. ಅದರ ವಿರುದ್ಧ ಧರಣಿ ಕೂತ ನೌಕರರನ್ನು 2024ರಲ್ಲಿ ಗೂಗಲ್ ಕೆಲಸದಿಂದ ತೆಗೆಯಿತು. ಈ ಮೂವರನ್ನು ನೈತಿಕತೆಯ ತಕ್ಕಡಿಯಲ್ಲಿಟ್ಟು ಒಬ್ಬರನ್ನು ಆರಿಸುವುದು ಕಷ್ಟ. ಆದರೆ ಮಾನವ ಹಕ್ಕಿನ ಕೆಲಸ ಮಾಡುವ ಸಂಸ್ಥೆ ಇದನ್ನು ತಿಳಿದೇ ಆರಿಸಬೇಕು.

ಜೋಹೋ

ಚೆನ್ನೈ, ತೆಂಕಾಶಿಯ ಕಂಪನಿ. ನನಗೆ ಇದರ ಬಗ್ಗೆ ಗೌರವ ಇದೆ. ಜಾಹೀರಾತಿನ ವ್ಯಾಪಾರ ಮಾಡುವುದಿಲ್ಲ. ಅಮೆಜಾನ್, ಅಜೂರ್ ಮೇಲೆ ಕೂರದೆ ತನ್ನದೇ ಡೇಟಾ ಸೆಂಟರ್ ನಡೆಸುತ್ತದೆ. ಭಾರತದ ಖಾತೆಗಳ ಡೇಟಾ ಭಾರತದಲ್ಲೇ ಇರುತ್ತದೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಈಗ ಇದರ ವೇದಿಕೆಯಲ್ಲಿದೆ.

ಕೊನೆಯ ವಾಕ್ಯ ಕೆಲವರಿಗೆ ಭರವಸೆ, ಕೆಲವರಿಗೆ ಹಿಂಜರಿಕೆ. ಸರ್ಕಾರದ ಗುತ್ತಿಗೆ ಇದೆ ಎಂದ ಮಾತ್ರಕ್ಕೆ ಕಂಪನಿ ಎಲ್ಲರ ಡೇಟಾ ಕೊಡುತ್ತದೆ ಎನ್ನುವುದು ಅನ್ಯಾಯದ ಮಾತು. ಆದರೆ ಸಾಮಾನ್ಯ ಮೇಲ್, ಫೈಲ್‌ಗಳ ಕೀಲಿ ಕಂಪನಿಯ ಹತ್ರ ಇದೆ, ಕಂಪನಿ ಭಾರತದ ಕಾನೂನಿನಡಿ ಇದೆ. ಇಷ್ಟನ್ನು ಒಪ್ಪಿಕೊಂಡು ಬಳಸಬೇಕು. ಸಹಕಾರ ಸಂಘ, ಶಾಲೆ, ರೈತ ಉತ್ಪಾದಕರ ಕಂಪನಿ, ಸಣ್ಣ ಅಂಗಡಿ, ಇವರಿಗೆ ನಾನು ಕಣ್ಣು ಮುಚ್ಚಿ ಜೋಹೋ ಹೇಳುತ್ತೇನೆ. ಅಧಿಕಾರದಲ್ಲಿರುವವರ ಜೊತೆ ಜಟಾಪಟಿ ಇರುವವರಿಗೆ ಹೇಳುವುದಿಲ್ಲ.

ಸ್ವದೇಶಿ ಎಂದರೂ ಎಳೆ ಬೇರೆ ಕಡೆ ಇರಬಹುದು. 2018ರ ಸೆಪ್ಟೆಂಬರ್‌ನಲ್ಲಿ ಫಿಶಿಂಗ್ (ನಕಲಿ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವುದು) ದೂರುಗಳ ಕಾರಣಕ್ಕೆ ಜೋಹೋದ ಡೊಮೇನ್ ಹೆಸರನ್ನೇ, ಅಂದರೆ ವೆಬ್ ವಿಳಾಸವನ್ನೇ, ಅದನ್ನು ನೋಂದಾಯಿಸಿದ ಅಮೆರಿಕದ ಕಂಪನಿಯೊಂದು ತಡೆಹಿಡಿದಿತ್ತು. ಲಕ್ಷಾಂತರ ಜನರಿಗೆ ಗಂಟೆಗಟ್ಟಲೆ ಮೇಲ್ ಸಿಗಲಿಲ್ಲ.

ಪ್ರೋಟಾನ್ ಮತ್ತು ಅದರ ಬಳಗ

ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಶುರು ಮಾಡಿದ ಸ್ವಿಸ್ ಸೇವೆ. ಮೇಲ್, ಡ್ರೈವ್, ಡಾಕ್ಸ್ ಇವೆ. ಒಳಗಿನದ್ದು ಕಂಪನಿಗೆ ಕಾಣುವುದಿಲ್ಲ. ಆದರೆ ‘ಯಾರಿಗೂ ಏನೂ ಸಿಗಲ್ಲ’ ಎನ್ನುವುದು ಅರ್ಧಸತ್ಯ. ಮೇಲ್‌ನ ಸಬ್ಜೆಕ್ಟ್ ಸಾಲು ಎಂಡ್-ಟು-ಎಂಡ್ ಮುಚ್ಚಿರುವುದಿಲ್ಲ. ಯಾರಿಗೆ, ಯಾವಾಗ ಬರೆದಿರಿ ಎನ್ನುವುದೂ ಅಷ್ಟೇ. ನೀವು ಜಿಮೇಲ್ ವಿಳಾಸಕ್ಕೆ ಸಾದಾ ಮೇಲ್ ಬರೆದರೆ ಒಂದು ಪ್ರತಿ ಗೂಗಲ್‌ನಲ್ಲಿ ಇದ್ದೇ ಇರುತ್ತದೆ.

2021ರಲ್ಲಿ ಫ್ರಾನ್ಸ್ ಪೊಲೀಸರು ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮೂಲಕ ಸ್ವಿಸ್ ಅಧಿಕಾರಿಗಳನ್ನು ಕೇಳಿದರು. ಸ್ವಿಸ್ ಆದೇಶ ಬಂತು. ಪ್ರೋಟಾನ್ ಒಬ್ಬ ಹವಾಮಾನ ಹೋರಾಟಗಾರನ ಐಪಿ ವಿಳಾಸ ದಾಖಲಿಸಿ ಕೊಟ್ಟಿತು. 2024ರಲ್ಲಿ ಕ್ಯಾಟಲೋನಿಯಾದ ಒಂದು ಖಾತೆಯ ರಿಕವರಿ ಮೇಲ್ ವಿಳಾಸ (ಪಾಸ್‌ವರ್ಡ್ ಮರೆತರೆ ಬಳಸುವ ಇನ್ನೊಂದು ವಿಳಾಸ) ಕೊಟ್ಟಿತು. ಆ ವ್ಯಕ್ತಿ ರಿಕವರಿಗೆ ಆ್ಯಪಲ್ ವಿಳಾಸ ಹಾಕಿದ್ದರಿಂದ ಪೊಲೀಸರಿಗೆ ದಾರಿ ಸಿಕ್ಕಿತು. ಎರಡರಲ್ಲೂ ಮೇಲ್‌ನ ಒಳಗಿನ ಮಾತು ಸಿಗಲಿಲ್ಲ. ಸಿಕ್ಕಿದ್ದು ಬರೆದವರ ಗುರುತು. ನಿಮಗೆ ಬಚ್ಚಿಡಬೇಕಾದದ್ದು ವಿಷಯವಾದರೆ ಪ್ರೋಟಾನ್ ಒಳ್ಳೆಯದು. ನಿಮ್ಮ ಗುರುತನ್ನೇ ಬಚ್ಚಿಡಬೇಕಿದ್ದರೆ ಬರೀ ಪ್ರೋಟಾನ್ ಸಾಲದು.

ಕನ್ನಡಿಗರಿಗೆ ಇನ್ನೊಂದು ತೊಡಕು. ಒಂದು ಖಾಸಗಿ ಕಂಪನಿ ತನ್ನ ನೌಕರರಿಗೆ ಅಶ್ಲೀಲ ಮೇಲ್‌ಗಳು ಬರುತ್ತಿವೆ ಎಂದು ಹಾಕಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್ 29ರಂದು ಪ್ರೋಟಾನ್ ಮೇಲ್ ತಡೆಯುವ ಪ್ರಕ್ರಿಯೆ ಶುರು ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಆ ನೌಕರರ ನೋವು ಸಣ್ಣದಲ್ಲ. ಆದರೆ ಕೆಲವು ದುಷ್ಟರಿಗಾಗಿ ಇಡೀ ಸೇವೆಯನ್ನೇ ಮುಚ್ಚಿದರೆ ಅದನ್ನೇ ನಂಬಿದ ಪತ್ರಕರ್ತರು, ವಕೀಲರು ಎಲ್ಲಿಗೆ ಹೋಗಬೇಕು? ಪ್ರೋಟಾನ್ ಆರಿಸುವವರು ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳುವುದು ಜಾಣತನ.

ಎಲ್ಲರೂ ಒಟ್ಟಿಗೆ ಒಂದೇ ಶೀಟ್ ತುಂಬಬೇಕಿದ್ದರೆ ಫ್ರಾನ್ಸಿನ ಕ್ರಿಪ್ಟ್‌ಪ್ಯಾಡ್ ನೋಡಿ. ಬ್ರೌಸರ್‌ನಲ್ಲೇ ಓಡುತ್ತದೆ, ಸರ್ವರ್‌ಗೆ ಒಳಗಿನದ್ದು ಕಾಣುವುದಿಲ್ಲ. ನೋಡಲು ಗೂಗಲ್‌ನಷ್ಟು ನುಣುಪಿಲ್ಲ, ಹಳೆಯ ಫೋನಿನಲ್ಲಿ ತೆವಳುತ್ತದೆ. ಐಫೋನ್ ಇರುವವರು ಐಕ್ಲೌಡ್‌ನ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿಕೊಳ್ಳಬಹುದು. ಆದರೆ ಮೇಲ್, ಕಾಂಟ್ಯಾಕ್ಟ್, ಕ್ಯಾಲೆಂಡರ್ ಅದರಲ್ಲಿ ಬರುವುದಿಲ್ಲ. ಬ್ರಿಟನ್ ಸರ್ಕಾರದ ಒತ್ತಡಕ್ಕೆ 2025ರ ಫೆಬ್ರವರಿಯಲ್ಲಿ ಆ್ಯಪಲ್ ಆ ದೇಶದಲ್ಲಿ ಅದನ್ನು ಹಿಂತೆಗೆಯಿತು ಎನ್ನುವುದೂ ಗೊತ್ತಿರಲಿ.

ಸ್ವಂತ ಸರ್ವರ್: ನೆಕ್ಸ್ಟ್‌ಕ್ಲೌಡ್

ಕಂಪ್ಯೂಟರ್ ಗೊತ್ತಿರುವ ಸ್ವಯಂಸೇವಕರು ಸಿಕ್ಕರೆ ಮೊದಲು ಹೇಳುವುದೇ ಇದು. ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು ಗೂಗಲ್ ಡ್ರೈವ್‌ನಂತೆ ಬಳಸುವ ಮುಕ್ತ ತಂತ್ರಾಂಶ, ದುಡ್ಡಿಲ್ಲ, ಡೇಟಾ ನಿಮ್ಮದೇ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರವೇ ಮೈಕ್ರೋಸಾಫ್ಟ್ ಬಿಟ್ಟು ಲಿಬ್ರೆಆಫೀಸ್, ನೆಕ್ಸ್ಟ್‌ಕ್ಲೌಡ್ ಕಡೆ ಹೊರಟಿದೆ. ನಮ್ಮವರಿಗೆ ಒಂದು ವಿಶೇಷ ಲಾಭವೂ ಇದೆ. ಹಳೆಯ ನುಡಿ ಫಾಂಟಿನ ಫೈಲ್‌ಗಳನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು. ನಿಮ್ಮದೇ ಸರ್ವರ್ ಆದರೆ ಆ ಫಾಂಟನ್ನೇ ಅದರಲ್ಲಿ ಹಾಕಿಬಿಡಬಹುದು. ಹದಿನೈದು ವರ್ಷದ ಹಳೆಯ ವರದಿಗಳು ಹಾಗೇ ಓದಲು ಸಿಗುತ್ತವೆ.

ಆದರೂ ಇದನ್ನು ಸುಲಭಕ್ಕೆ ಶಿಫಾರಸು ಮಾಡಲಾರೆ. ಸೆಟಪ್ ಮಾಡುವುದು ಒಂದು ಭಾನುವಾರದ ಕೆಲಸ. ನೋಡಿಕೊಳ್ಳುವುದು ವರ್ಷಪೂರ್ತಿ. ಆ ಸ್ವಯಂಸೇವಕನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಅಪ್‌ಡೇಟ್ ಯಾರು ಹಾಕುತ್ತಾರೆ? 2019ರಲ್ಲಿ ಸರ್ವರ್‌ನ ಒಂದು ದೋಷ ಹಿಡಿದು ನೆಕ್ಸ್ಟ್‌ಕ್ರೈ ಎಂಬ, ಫೈಲ್‌ಗಳನ್ನು ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ನೆಕ್ಸ್ಟ್‌ಕ್ಲೌಡ್ ಸರ್ವರ್‌ಗಳನ್ನೇ ಹುಡುಕಿ ಹೊಡೆಯಿತು. ದೋಷ ಸರಿಪಡಿಸುವ ಅಪ್‌ಡೇಟ್ ಹಾಕದವರು ಸಿಕ್ಕಿಬಿದ್ದರು. ಅಪ್‌ಡೇಟ್ ಇಲ್ಲದ ಸ್ವಂತ ಸರ್ವರ್‌ಗಿಂತ ಗೂಗಲ್ ಸಾವಿರ ಪಾಲು ವಾಸಿ.

ಆಫೀಸಿನಲ್ಲೇ ಇಟ್ಟರೆ ಕರೆಂಟು, ಯುಪಿಎಸ್ ಗೋಳು. ಅನೇಕ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಲ್ಲಿ ಸ್ವಂತ ಪಬ್ಲಿಕ್ ಐಪಿಯೇ ಸಿಗುವುದಿಲ್ಲ, ಹೊರಗಿನಿಂದ ತೆರೆಯಲು ಕಸರತ್ತು ಬೇಕು. ಭಾರತದ ಕಂಪನಿಯಿಂದ ಬಾಡಿಗೆ ಸರ್ವರ್ ತೆಗೆದುಕೊಂಡರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಅವರು ನಿಮ್ಮ ಹೆಸರು, ವಿಳಾಸ, ಐಪಿ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಇದೇ ಆದೇಶಕ್ಕೆ ಹಲವು ವಿಪಿಎನ್ (ಬಳಕೆದಾರರ ಐಪಿ ಮರೆಮಾಡುವ ಸೇವೆ) ಕಂಪನಿಗಳು ಭಾರತದಿಂದ ಸರ್ವರ್ ಎತ್ತಿಕೊಂಡು ಹೋದವು.

ಒಂದು ಗುಣ ಮಾತ್ರ ಬೇರೆ ಯಾವುದಕ್ಕೂ ಇಲ್ಲ. ದೊಡ್ಡ ಕಂಪನಿಯಿಂದ ನಿಮ್ಮ ಡೇಟಾ ತೆಗೆದುಕೊಂಡರೆ ನಿಮಗೆ ಗೊತ್ತೇ ಆಗದಿರಬಹುದು. ಆಫೀಸಿನ ಸರ್ವರ್ ಬೇಕೆಂದರೆ ಬಾಗಿಲು ತಟ್ಟಲೇಬೇಕು. ಆಗ ವಕೀಲರಿಗೆ ಫೋನ್ ಮಾಡಬಹುದು, ಜಪ್ತಿ ಪಟ್ಟಿ ಕೇಳಬಹುದು. ಬೆಲೆಯೂ ಇದೆ. ಯಂತ್ರ ಹೋದ ದಿನ ಕೆಲಸವೂ ನಿಲ್ಲುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿರದಿದ್ದರೆ ಒಳಗಿನದ್ದೆಲ್ಲ ತೆರೆದ ಪುಸ್ತಕ.

ಹಾಗಾದರೆ ಯಾವುದು?

ಬಹಳಷ್ಟು ಸಂಸ್ಥೆಗಳಿಗೆ ನಾನು ಹೇಳುವುದು ಒಂದೇ ಸೇವೆಗೆ ಎಲ್ಲ ಸುರಿಯಬೇಡಿ ಎಂದು. ಪೋಸ್ಟರ್, ಸಭೆಯ ಫೋಟೋ, ಬಿಲ್ಲು, ವಾರ್ಷಿಕ ವರದಿ ಎಲ್ಲಿದ್ದರೂ ನಡೆಯುತ್ತದೆ. ಗೂಗಲ್ ಅಥವಾ ಜೋಹೋ, ಸಿಬ್ಬಂದಿಗೆ ಯಾವುದು ಅಭ್ಯಾಸವೋ ಅದು. ಜನರ ಹೆಸರಿರುವ, ಹೊರಬಿದ್ದರೆ ಯಾರಿಗಾದರೂ ಏಟು ಬೀಳುವ ಫೈಲ್‌ಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ಅವುಗಳಿಗೆ ಮಾತ್ರ ಎಂಡ್-ಟು-ಎಂಡ್ ಜಾಗ.

ಇದಕ್ಕೆ ಅತಿ ಕಡಿಮೆ ಖರ್ಚಿನ ದಾರಿ ಕ್ರಿಪ್ಟೊಮೇಟರ್. ಜರ್ಮನಿಯ ಮುಕ್ತ ತಂತ್ರಾಂಶ, ಕಂಪ್ಯೂಟರಿನಲ್ಲಿ ಉಚಿತ. ಈಗಿರುವ ಗೂಗಲ್ ಡ್ರೈವ್ ಫೋಲ್ಡರಿನೊಳಗೇ ಒಂದು ತಿಜೋರಿ ಮಾಡುತ್ತದೆ. ಫೈಲ್ ಹೆಸರನ್ನೂ ಸೇರಿಸಿ ಮುಚ್ಚಿ ಮೇಲಕ್ಕೆ ಕಳಿಸುತ್ತದೆ. ಗೂಗಲ್‌ಗೆ ಕಾಣುವುದು ಅರ್ಥವಿಲ್ಲದ ಹೆಸರಿನ ಒಂದಿಷ್ಟು ಫೈಲ್, ಅವುಗಳ ಗಾತ್ರ. ತೊಂದರೆ ಏನೆಂದರೆ ಬ್ರೌಸರ್‌ನಲ್ಲಿ ತೆರೆಯಲು ಬರುವುದಿಲ್ಲ. ಇಬ್ಬರು ಒಂದೇ ಹೊತ್ತಿಗೆ ಒಂದೇ ಫೈಲ್ ತಿದ್ದಿದರೆ ಎರಡು ಪ್ರತಿಯಾಗುತ್ತದೆ. ಪಾಸ್‌ವರ್ಡ್ ಮತ್ತು ರಿಕವರಿ ಕೀ ಎರಡೂ ಕಳೆದುಹೋದರೆ ಬ್ರಹ್ಮನೂ ತೆರೆಯಲಾರ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಇಬ್ಬರು ಟ್ರಸ್ಟಿಗಳ ಮನೆಯಲ್ಲಿಡಿ.

ಸೂಕ್ಷ್ಮ ಮೂಲಗಳಿರುವ ಪತ್ರಕರ್ತರಿಗೆ, ಸರ್ಕಾರದ ಎದುರು ವಾದಿಸುವ ವಕೀಲರಿಗೆ ಪ್ರೋಟಾನ್ ಅಥವಾ ಟ್ರೆಸೊರಿಟ್, ಮಾತಿಗೆ ಎಂಡ್-ಟು-ಎಂಡ್ ಆ್ಯಪ್ ಸಿಗ್ನಲ್. ಸಂಬಳ ಕೊಟ್ಟು ಒಬ್ಬ ಸಿಸ್ಟಂ ಆಡಳಿತಗಾರರನ್ನು ಇಟ್ಟುಕೊಳ್ಳಬಲ್ಲ ಒಕ್ಕೂಟಗಳಿಗೆ ನೆಕ್ಸ್ಟ್‌ಕ್ಲೌಡ್. ಹತ್ತು ಸಂಸ್ಥೆ ಸೇರಿ ಒಂದು ಸರ್ವರ್ ನಡೆಸಿದರೆ ಇನ್ನೂ ಚೆಂದ, ಆದರೆ ಆಗ ಒಬ್ಬರ ಜಪ್ತಿ ಹತ್ತು ಜನರ ಜಪ್ತಿ.

ಫೋನಿಗೇ ಸ್ಪೈವೇರ್ (ಕದ್ದು ನೋಡುವ ತಂತ್ರಾಂಶ) ಹೊಕ್ಕಿದ್ದರೆ ಮೇಲಿನ ಯಾವುದೂ ಕೆಲಸ ಮಾಡದು. ಪತ್ರಕರ್ತರ, ಹೋರಾಟಗಾರರ ಫೋನ್‌ಗಳನ್ನು ಗುರಿಯಾಗಿಸಿದ ಪೆಗಾಸಸ್ ಸ್ಪೈವೇರಿನ 2021ರ ಸುದ್ದಿ ನೆನಪಿದೆಯಲ್ಲ. ತೆರೆದ ಪರದೆಯನ್ನೇ ನೋಡುವವರಿಗೆ ಮುಚ್ಚಿದ ಕ್ಲೌಡ್ ಲೆಕ್ಕಕ್ಕಿಲ್ಲ.

ಬದಲಿಸುವ ಮುಂಚೆ ಮಾಡುವ ಕೆಲಸ

ಹೊಸ ಸೇವೆ ಬರುವವರೆಗೆ ಕಾಯಬೇಕಿಲ್ಲ, ಇವನ್ನು ಇವತ್ತೇ ಮಾಡಬಹುದು. ಆ ಶೀಟ್‌ನ ಹಂಚಿಕೆಯನ್ನು ಹೆಸರಿಸಿದ ಜನರಿಗಷ್ಟೇ ಸೀಮಿತ ಮಾಡಿ. ಕೆಲಸ ಬಿಟ್ಟವರನ್ನು ತೆಗೆಯಿರಿ. ಸಿಬ್ಬಂದಿಯ ಸ್ವಂತ ಜಿಮೇಲ್‌ನಲ್ಲಿರುವ ಫೈಲ್‌ಗಳನ್ನು ಸಂಸ್ಥೆಯ ಖಾತೆಗೆ ತನ್ನಿ, ಇಲ್ಲದಿದ್ದರೆ ಅವರ ಜೊತೆ ಅವೂ ಹೋಗುತ್ತವೆ. ವಾಟ್ಸಾಪ್‌ನ ಚಾಟ್ ಬ್ಯಾಕಪ್‌ಗೆ ಎಂಡ್-ಟು-ಎಂಡ್ ಆಯ್ಕೆ 2021ರಿಂದ ಇದೆ, ಆದರೆ ನಾವೇ ಆನ್ ಮಾಡಬೇಕು. ಅದಿಲ್ಲದೆ ಸ್ಕ್ರೀನ್‌ನಲ್ಲಿ ಕಾಣುವ ಬೀಗದ ಚಿತ್ರ ಬ್ಯಾಕಪ್‌ಗೆ ಅನ್ವಯಿಸದು.

ಆಧಾರ್ ನಂಬರ್ ನಿಜಕ್ಕೂ ಬೇಕಾ? ಗುರುತಿಗೆ ಬೇಕೇ ಬೇಕೆಂದರೆ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ‘ಈಗ ಎಲ್ಲಿದ್ದಾರೆ’ ಎನ್ನುವ ಕಾಲಂ ಶೀಟ್‌ನಲ್ಲಿ ಇರಲೇಬೇಕಾಗಿಲ್ಲ. ಹೆಸರಿನ ಬದಲು ಕೇಸ್ ನಂಬರ್ ಹಾಕಿ, ನಂಬರ್ ಮತ್ತು ಹೆಸರಿನ ಪಟ್ಟಿಯನ್ನು ಬೇರೆ ತಿಜೋರಿಯಲ್ಲಿಡಿ. ಮುಗಿದ ಪ್ರಕರಣಗಳ ವಿವರ ಯಾವಾಗ ಅಳಿಸಬೇಕು ಎಂದು ಒಂದು ದಿನಾಂಕ ಬರೆದಿಟ್ಟುಕೊಳ್ಳಿ. ಇಲ್ಲದ ಡೇಟಾವನ್ನು ಯಾವ ಆದೇಶವೂ ಕೇಳಲಾರದು.

ಆಮೇಲೆ ಬ್ಯಾಕಪ್. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರು ಫೈಲ್ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು, ಬೇರೆ ಕಡೆ ಪ್ರತಿ ಇರಲಿಲ್ಲ. ನಿಮ್ಮದು ಅಷ್ಟು ದೊಡ್ಡದಲ್ಲ. ಎನ್‌ಕ್ರಿಪ್ಟ್ ಮಾಡಿದ ಎರಡು ಹಾರ್ಡ್ ಡಿಸ್ಕ್, ಒಂದು ಆಫೀಸಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಗೂಗಲ್‌ನಿಂದ ಹೊರತರಲು ಟೇಕ್‌ಔಟ್ ಎಂಬ ವ್ಯವಸ್ಥೆ ಇದೆ. ಹೊಸ ಸೇವೆಗೆ ದುಡ್ಡು ಕಟ್ಟುವ ಮೊದಲು ಅದರಿಂದಲೂ ಹೀಗೆ ಎಲ್ಲವನ್ನೂ ಹೊರತರಲು ಬರುತ್ತದಾ ಎಂದು ನಾಲ್ಕು ಫೈಲ್ ಹಾಕಿ, ತೆಗೆದು ನೋಡಿ. ಕನ್ನಡ ಹೆಸರಿನ ಫೈಲ್ ಒಂದಿರಲಿ. ಕೆಲವು ಸೇವೆಗಳ ಜಿಪ್‌ನಲ್ಲಿ ಕನ್ನಡದ ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುತ್ತವೆ.